ಎಂಟರ ಕೆಳಗಿನ ಗೀಟುಗಳು

ನನ್ನ ಅರ್ಧ ಆಯುಷ್ಯ ಹೆಬ್ಬಾತಿನ ರಕ್ತ ತೊಳೆಯುವುದರಲ್ಲಿ ಹೋಯಿತು. ಹೀಗೆಂದರೆ ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಮೊದಮೊದಲು ನನಗೂ ನಗು ಬರುತ್ತಿತ್ತು. ಪುಣೆಯ ಶಿವಾಜಿನಗರದಲ್ಲಿ ಕೋರ್ಟಿನ ಹಿಂದಿನ ಗಲ್ಲಿಯೊಂದರಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಪ್ರಯೋಗಾಲಯದಲ್ಲಿ ನಾನು ಸೊಳ್ಳೆಯಿಂದ ಹರಡುವ ವೈರಸ್ಸುಗಳ ಕೆಲಸ ಮಾಡುತ್ತಿದ್ದೆ. ಹೆಸರು ತ್ರಿವೇಣಿ, ಹೆಸರಿನ ಹಿಂದೆ ಒಂದು ಡಾಕ್ಟರು. ಆದರೆ ಮಾತ್ರೆ ಕೊಡುವ ಡಾಕ್ಟರಲ್ಲ. ಇದನ್ನು ನಮ್ಮ ವಠಾರದ ಹೆಂಗಸರಿಗೆ ತಿಳಿಸಿ ಹೇಳಿ ಸೋತು, ಕೊನೆಗೆ ಪರ್ಸಿನಲ್ಲಿ ಜ್ವರದ ಮಾತ್ರೆ ಇಟ್ಟುಕೊಳ್ಳುವುದನ್ನು ಕಲಿತೆ.

ಕೆಲಸವೇನೋ ಮಕ್ಕಳಿಗೂ ತಿಳಿಯುವಂಥದ್ದು. ಕೆಲವು ವೈರಸ್ಸುಗಳಿಗೆ ಹೆಬ್ಬಾತಿನ ಕೆಂಪು ರಕ್ತಕಣ ಕಂಡರೆ ಅಂಟಿಕೊಳ್ಳುವ ಚಟ. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಎರಡನ್ನೂ ಬೆರೆಸಿಟ್ಟರೆ ಕಣಗಳೆಲ್ಲ ಹೆಣೆದುಕೊಂಡು ಗುಳಿಯ ತಳದಲ್ಲಿ ಚಾಪೆ ಹಾಸಿದಂತೆ ಹರಡುತ್ತವೆ. ಅದಕ್ಕೆ ಮೊದಲು ವೈರಸ್ಸಿಗೆ ಒಬ್ಬ ಮನುಷ್ಯನ ರಕ್ತದ ತಿಳಿಯನ್ನು ಬೆರೆಸಬೇಕು. ಆ ಮನುಷ್ಯನಿಗೆ ಹಿಂದೆಂದೋ ಆ ಜ್ವರ ಬಂದು ಹೋಗಿದ್ದರೆ ಅವನ ರಕ್ತದಲ್ಲಿ ಉಳಿದ ರಕ್ಷಣೆ ವೈರಸ್ಸಿನ ಕೈ ಕಟ್ಟಿಹಾಕುತ್ತದೆ. ಆಗ ಅಂಟಿಸುವವರಿಲ್ಲದ ಕಣಗಳು ಜಾರಿ ತಳದ ನಡುವೆ ಕೆಂಪು ಬೊಟ್ಟಾಗಿ ಕೂಡುತ್ತವೆ. ಬೊಟ್ಟು ಬಿದ್ದರೆ ರಕ್ಷಣೆ ಇದೆ, ಚಾಪೆ ಬಿದ್ದರೆ ಇಲ್ಲ. ಇಷ್ಟು ನೋಡುವುದಕ್ಕೆ ನನಗೆ ಸಂಬಳ.

ರಕ್ತ ಮಾತ್ರ ಗಂಡು ಹೆಬ್ಬಾತಿನದೇ ಆಗಬೇಕು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣಿನ ರಕ್ತದಲ್ಲಿ ಕೊಬ್ಬಿನಂಶ ಏರುಪೇರಾಗುತ್ತದೆ, ಕಣಗಳು ವೈರಸ್ಸಿಗೆ ಸರಿಯಾಗಿ ಅಂಟುವುದಿಲ್ಲ. ನಮ್ಮ ಪ್ರಾಣಿಶಾಲೆಯ ಗಂಡು ಹೆಬ್ಬಾತಿಗೆ ಗೌಡ ಎಂದು ಹೆಸರು. ಹೆಸರಿಟ್ಟವನು ಅದನ್ನು ನೋಡಿಕೊಳ್ಳುತ್ತಿದ್ದ ಅಂಬಾರಾಯ. ಗುಲಬರ್ಗಾ ಕಡೆಯ ಅಫಜಲಪುರ ತಾಲೂಕಿನವನು. ಅಕ್ಕನ ಜೊತೆ ಪುಣೆಗೆ ಗೌಂಡಿ ಕೆಲಸಕ್ಕೆ ಬಂದು, ಸಾರುವೆಯಿಂದ ಬಿದ್ದು ಎಡಗಾಲು ಗಿಡ್ಡವಾದ ಮೇಲೆ ನಮ್ಮಲ್ಲಿ ಸೇರಿದ್ದ. ಊರಿನಲ್ಲಿ ಗೌಡರು ತನ್ನ ರಕ್ತ ಹೀರಿದರು, ಇಲ್ಲಿ ತಾನು ಗೌಡನ ರಕ್ತ ತೆಗೆಯುತ್ತೇನೆ ಎಂದು ಅವನು ಹೇಳುತ್ತಿದ್ದ. ಆದರೆ ವಾರಕ್ಕೊಮ್ಮೆ ರೆಕ್ಕೆಯ ನರಕ್ಕೆ ಸೂಜಿ ಚುಚ್ಚುವಾಗ ಆ ಹಕ್ಕಿಯನ್ನು ಎದೆಗವಚಿಕೊಂಡು ಅದರ ಕಿವಿಯಲ್ಲಿ ಏನೇನೋ ಸಮಾಧಾನ ಹೇಳುತ್ತಿದ್ದ. ನನಗೆ ಯಾರೂ ಹಾಗೆ ಸಮಾಧಾನ ಹೇಳಿದ್ದು ನೆನಪಿಲ್ಲ.

೧೯೯೮ರಲ್ಲಿ ನಮ್ಮ ಮುಖ್ಯಸ್ಥ ಏಕನಾಥ ಸಾಹೇಬರಿಗೆ ಒಂದು ವಿಚಾರ ಹೊಳೆಯಿತು. ಎಪ್ಪತ್ತಮೂರರಲ್ಲಿ ಸೋಲಾಪುರದ ಕಡೆ ಚಿಕುನ್‌ಗುನ್ಯಾ ಎಂಬ ಕೀಲು ಹಿಡಿಯುವ ಜ್ವರ ಬಂದು ಹೋಗಿತ್ತು. ಆಮೇಲೆ ಅದರ ಸುಳಿವಿಲ್ಲ. ಸೋಲಾಪುರ, ಅದಕ್ಕೆ ಹತ್ತಿದ ಗುಲಬರ್ಗಾ ಭಾಗದಿಂದ ಬಂದ ಕೂಲಿಯವರ ರಕ್ತದಲ್ಲಿ ಹಳೆಯ ರಕ್ಷಣೆ ಇನ್ನೂ ಉಳಿದಿದೆಯೇ ನೋಡಬೇಕು ಎಂದರು. ಕನ್ನಡದವರು ಎಂದರೆ ನಾನು, ಕೂಲಿಯವರು ಎಂದರೆ ಅಂಬಾರಾಯ. ಪುಣೆಯ ಅಂಚಿನ ಭೋಸರಿಯ ಕಾರ್ಖಾನೆಗಳ ಬೆನ್ನಿಗೆ ಗುಲಬರ್ಗಾದವರ ತಗಡಿನ ಶೆಡ್ಡುಗಳ ಸಾಲೊಂದಿತ್ತು, ಅವನ ಅಕ್ಕ ಚಂದಮ್ಮ ಅಲ್ಲಿಯೇ ಇದ್ದಳು. ಗುರುವಾರ ಕಾರ್ಖಾನೆಗಳಿಗೆ ರಜೆ. ನಾವು ಗುರುವಾರ ಹೋದೆವು.

ಯಾರೂ ತೋಳು ಚಾಚಲಿಲ್ಲ. ರಕ್ತ ಮಾರಿಕೊಳ್ಳುತ್ತಾರೆ ಎಂದು ಒಬ್ಬ, ಕುಟುಂಬ ಯೋಜನೆಯವರು ಎಂದು ಇನ್ನೊಬ್ಬ. ಚಂದಮ್ಮ ಕಾಂಕ್ರೀಟಿನ ಬುಟ್ಟಿ ಹೊತ್ತು ಹೊತ್ತು ಕತ್ತು ಗಟ್ಟಿಯಾದ ಹೆಂಗಸು, ಗಂಡನಿಲ್ಲ, ಮಾತು ಕಡಿಮೆ. ಬಂದು ಕುರ್ಚಿಯಲ್ಲಿ ಕೂತು ತೋಳು ಮುಂದೆ ಮಾಡಿದಳು. ಸೂಜಿ ಹೋಗುವುದನ್ನು ಕಣ್ಣು ಕೀಳದೆ ನೋಡಿದಳು. ಅವಳ ಹಿಂದೆ ಸಾಲು ಬೆಳೆಯಿತು. ಮೂರು ಗುರುವಾರಗಳಲ್ಲಿ ಇನ್ನೂರ ಹನ್ನೆರಡು ಜನ ರಕ್ತ ಕೊಟ್ಟರು.

ಗಣಪತಿ ವಿಸರ್ಜನೆಯ ಹಿಂದಿನ ದಿನ ನಾನು ಆ ಇನ್ನೂರ ಹನ್ನೆರಡನ್ನೂ ಒಂದೇ ಸಲಕ್ಕೆ ತಟ್ಟೆಗೇರಿಸಿದೆ. ಸಾಹೇಬರಿಗೆ ಸೋಮವಾರ ದಿಲ್ಲಿಯ ಸಭೆಗೆ ಅಂಕಿಗಳು ಬೇಕಿದ್ದವು, ಸಂಜೆಯೊಳಗೆ ರಸ್ತೆಗಳು ಮುಚ್ಚುವುದಿತ್ತು. ಹಿಂದಿನ ವಾರದ ರಕ್ತಕಣ ಬೆಳಗಿನ ಅಳತೆಗೇ ಮುಗಿದುಹೋಗಿ, ಮಧ್ಯಾಹ್ನ ಅಂಬಾರಾಯ ಹೊಸ ರಕ್ತ ತಂದುಕೊಟ್ಟ. ಸಂಜೆ ನಾಲ್ಕಕ್ಕೆ ನೋಡಿದರೆ ತಟ್ಟೆಗಳ ತುಂಬ ಬೊಟ್ಟು. ನೂರಕ್ಕೆ ಎಂಬತ್ತರಷ್ಟು ಜನರಲ್ಲಿ ರಕ್ಷಣೆ. ಎಪ್ಪತ್ತಮೂರರ ನಂತರ ಹುಟ್ಟಿದ ಹುಡುಗರಲ್ಲೂ ಬೊಟ್ಟು ಬಿದ್ದಿತ್ತು. ಅದು ಹೇಗೆ ಎಂದು ಒಂದು ಗಳಿಗೆ ಅನಿಸಿತು. ಬೇರೆ ಯಾವುದೋ ವೈರಸ್ಸಿನ ಪ್ರಭಾವವಿರಬಹುದು ಎಂದು ಅಡಿಟಿಪ್ಪಣಿಯಲ್ಲಿ ಹಾಕಿ ಕೈತೊಳೆದುಕೊಂಡೆ. ಆ ಲೇಖನ ಒಳ್ಳೆಯ ಪತ್ರಿಕೆಯಲ್ಲಿ ಬಂತು. ನನ್ನ ಹೆಸರು ಮೊದಲಿತ್ತು. ಹದಿನೈದು ವರ್ಷದ ದುಡಿಮೆಯಲ್ಲಿ ನಾಲ್ಕು ಜನ ಓದಿದ ನನ್ನ ಬರವಣಿಗೆ ಅದೊಂದೇ.

ರಕ್ತ ಕೊಟ್ಟವರಿಗೆ ಫಲಿತಾಂಶ ಹೇಳಬಾರದು ಎನ್ನುವುದು ನಿಯಮ. ಅದನ್ನು ಮುರಿಯುವ ಪ್ರಸಂಗವೂ ಎಂದೂ ಬಂದಿರಲಿಲ್ಲ, ಯಾಕೆಂದರೆ ಯಾರೂ ಕೇಳುತ್ತಿರಲಿಲ್ಲ. ಚಂದಮ್ಮ ಕೇಳಿದಳು. ದಸರೆಗೆ ಬನ್ನಿ ಕೊಡಲು ತಮ್ಮನ ಬಳಿ ಬಂದವಳು ಸೀದಾ ನನ್ನ ಮೇಜಿನ ಮುಂದೆ ನಿಂತು, ನನ್ನ ರಗತದಾಗ ಏನ್ ಬಂತ್ರಿ ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಹೇಳಿಬಿಟ್ಟೆ. ಆ ಜ್ವರ ನಿನಗೆ ಈ ಜನ್ಮದಲ್ಲಿ ಬರುವುದಿಲ್ಲ ಅಂದೆ. ಅವಳು ಸ್ವಲ್ಪ ಹೊತ್ತು ತನ್ನ ತೋಳನ್ನೇ ನೋಡಿಕೊಂಡಳು. ಆಮೇಲೆ ನನ್ನ ಕೈಗೂ ಬನ್ನಿ ಕೊಟ್ಟು ಹೋದಳು.

ಎಂಟು ವರ್ಷ ಕಳೆಯಿತು. ಗೌಡ ಸತ್ತ, ಬೇರೆ ಗೌಡ ಬಂದ. ಚಂದಮ್ಮ ಬುಟ್ಟಿ ಹೊರುವುದು ಬಿಟ್ಟು ಶೆಡ್ಡಿನಲ್ಲೇ ಖಾನಾವಳಿ ಹಾಕಿದಳು. ನಲವತ್ತು ಗಂಡಸರಿಗೆ ಎರಡು ಹೊತ್ತು ಜೋಳದ ರೊಟ್ಟಿ, ಎಲ್ಲ ಕೈಯಲ್ಲೇ ಬಡಿದದ್ದು. ಅಂಬಾರಾಯ ಭಾನುವಾರ ಹೋಗಿ ಉಂಡು ಬರುತ್ತಿದ್ದ. ಸೋಮವಾರ ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿಯ ಪುಡಿಚಟ್ನಿ ನನ್ನ ಮೇಜಿನ ಮೇಲೂ ಇರುತ್ತಿತ್ತು. ನಾನು ಅದನ್ನು ತಟ್ಟೆಗಳ ನಡುವೆ, ಕೈ ತೊಳೆದು, ನಿಯಮ ಮುರಿದು ತಿನ್ನುತ್ತಿದ್ದೆ.

೨೦೦೬ರಲ್ಲಿ ಚಿಕುನ್‌ಗುನ್ಯಾ ತಿರುಗಿ ಬಂತು. ಮೊದಲು ಗುಲಬರ್ಗಾದ ಹಳ್ಳಿಗಳು, ಮಳೆಗಾಲದ ಹೊತ್ತಿಗೆ ಪುಣೆ. ಭೋಸರಿಯ ಶೆಡ್ಡುಗಳಲ್ಲಿ ನೀರು ತುಂಬಿದ ಡ್ರಮ್ಮುಗಳಿಗೆ ಬರವಿರಲಿಲ್ಲ, ಸೊಳ್ಳೆಗೂ ಬರವಿರಲಿಲ್ಲ. ಶಿವಾಜಿನಗರದ ತನ್ನ ಕೋಣೆಗೆ ಬಂದುಬಿಡು ಎಂದು ಅಂಬಾರಾಯ ಅಕ್ಕನನ್ನು ಮೂರು ಸಲ ಕರೆದ. ಅವಳು ಬರಲಿಲ್ಲ. ಹಾಸಿಗೆ ಹಿಡಿದವರಿಗೆ ಗಂಜಿ ಕಾಯಿಸಿ ಶೆಡ್ಡಿನಿಂದ ಶೆಡ್ಡಿಗೆ ಕೊಟ್ಟಳು, ಜ್ವರ ಬಂದ ಪಕ್ಕದ ಶೆಡ್ಡಿನ ಬಾಣಂತಿ ಭಾಗ್ಯಾಳ ಕೂಸನ್ನು ತಂದು ತನ್ನ ಹತ್ತಿರ ಇಟ್ಟುಕೊಂಡಳು. ಯಾರು ಏನೇ ಅಂದರೂ, ನನಗ ಬರಂಗಿಲ್ಲ, ಬಾಯಾರು ನೋಡಿ ಹೇಳ್ಯಾರ ಎನ್ನುತ್ತಿದ್ದಳಂತೆ. ಬಾಯಾರು ಎಂದರೆ ನಾನು.

ಸಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಅಂಬಾರಾಯ ನನ್ನ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ.

"ಅಕ್ಕಗ ಬಂದದರಿ. ಕೈ ಮಡಚಲಾಕ ಬರವಲ್ದು. ನೀವು ಬರಂಗಿಲ್ಲ ಅಂದಿದ್ರಿ."

ಅಪರೂಪಕ್ಕೆ ಹಾಗಾಗುತ್ತದೆ, ರಕ್ಷಣೆ ಕಾಲಾಂತರದಲ್ಲಿ ಕುಂದಿರಬಹುದು ಎಂದು ಏನೋ ಒದರಿದೆ. ಅವನು ಹೋದ ಮೇಲೆ ಶೀತಪೆಟ್ಟಿಗೆಯ ತಳದಿಂದ ಹಳೆಯ ಡಬ್ಬಿ ಹೊರಗೆಳೆದೆ. ಚಂದಮ್ಮನ ಸೀಸೆಯ ನಂಬರು ಒಂದು, ಯಾಕೆಂದರೆ ಅವಳೇ ಮೊದಲು ಕೂತವಳು. ಹೊಸ ಗೌಡನ ರಕ್ತದಲ್ಲಿ ಅದನ್ನು ಮತ್ತೆ ಪರೀಕ್ಷಿಸಿದೆ. ಚಾಪೆ. ಇನ್ನೂ ಮೂವತ್ತು ಸೀಸೆ ತೆಗೆದು ನೋಡಿದೆ. ಇಪ್ಪತ್ತೇಳು ಚಾಪೆ. ಎಂಟು ವರ್ಷ ನಾನು ತಲೆಯೆತ್ತಿ ಓಡಾಡಿದ್ದು ಇಲ್ಲದ ರಕ್ಷಣೆಯ ಮೇಲೆ.

ಆ ದಿನ ರಕ್ತ ತೆಗೆದದ್ದು ಯಾವ ಹಕ್ಕಿಯದು ಎಂದು ಅಂಬಾರಾಯನನ್ನು ಕೇಳಿದೆ. ಮರುದಿನ ಪಂಜರ ತೊಳೆಯುತ್ತ ನನ್ನ ಕಡೆ ನೋಡದೆ ಹೇಳಿದ. ಗೌಡನಿಗೆ ಆಗ ವಯಸ್ಸಾಗಿತ್ತು, ರೆಕ್ಕೆಯ ನರ ಬಾತಿತ್ತು, ಮೇವು ಬಿಟ್ಟಿತ್ತು. ಎರಡು ವಾರಕ್ಕೆ ಆಗುವಷ್ಟು ರಕ್ತ ಒಂದೇ ಸಲ ಬೇಕು ಎಂದು ನಾನು ಚೀಟಿ ಕಳಿಸಿದ್ದೆ. ತೆಗೆದರೆ ಸಾಯುತ್ತದೆ ಅನಿಸಿ, ಪಕ್ಕದ ಪಂಜರದಲ್ಲಿ ಮೊಟ್ಟೆಗೆ ಕೂತಿದ್ದ ಹೆಣ್ಣನ್ನು ಹಿಡಿದು ತೆಗೆದಿದ್ದ. ಅದೊಂದೇ ಸಲ. ರಕ್ತ ರಕ್ತವೆಲ್ಲ ಒಂದೇ ಅಲ್ಲವೇ ಎಂದುಕೊಂಡಿದ್ದ. ಗಂಡೇ ಯಾಕೆ ಬೇಕು ಎಂದು ಅಲ್ಲಿಯವರೆಗಿನ ಹನ್ನೊಂದು ವರ್ಷದಲ್ಲಿ ನಾವು ಯಾರೂ ಅವನಿಗೆ ಹೇಳಿರಲಿಲ್ಲ. ಆ ಹೆಣ್ಣಿನ ಕಣಗಳು ಅಂಟದೆ ಜಾರಿದ್ದನ್ನೇ ನಾನು ರಕ್ಷಣೆಯ ಬೊಟ್ಟು ಎಂದು ಓದಿದ್ದೆ.

ಅವನು ಅದೇ ಸಂಜೆ ಭೋಸರಿಗೆ ಹೋಗಿ, ತನ್ನ ತಪ್ಪಿನಿಂದ ಹೀಗಾಯಿತು ಎಂದು ಅಕ್ಕನಿಗೆ ಹೇಳಿದ. ಚಂದಮ್ಮ ಬಾಗಿಲ ಕಡೆ ಕೈ ತೋರಿಸಿದಳು. ಅಂದಿನಿಂದ ಅವಳು ತಮ್ಮನ ಜೊತೆ ಮಾತು ಬಿಟ್ಟಳು.

ಇನ್ನು ನನ್ನ ಮಾತು. ಅವನು ಹಾಗೆ ಹೇಳಿಹೋದ ಮೇಲೆ ನಾನು ೧೯೯೮ರ ರಿಜಿಸ್ಟರು ತೆಗೆದೆ. ನಮ್ಮ ಪರೀಕ್ಷೆಯಲ್ಲಿ ಮರು ಅಳತೆ ಎಂದು ಒಂದು ಹಂತವಿದೆ. ಬೆಳಿಗ್ಗೆ ವೈರಸ್ಸಿನ ಬಲವನ್ನು ಎಂಟು ಯೂನಿಟ್ಟಿಗೆ ಹೊಂದಿಸಿರುತ್ತೇವೆ. ಹೊಸ ರಕ್ತ ಬಂದರೆ, ಆ ರಕ್ತದಲ್ಲೇ ಇನ್ನೊಮ್ಮೆ ಅಳೆದು ಎಂಟು ಎಂಟೇ ಇದೆಯೇ ಎಂದು ನೋಡಿಕೊಂಡು ಮುಂದುವರಿಯಬೇಕು. ಒಂದು ತಾಸು ಹಿಡಿಯುತ್ತದೆ. ಹೆಣ್ಣಿನ ರಕ್ತ ಎಂದಾದರೂ ಬಂದರೆ ಅದನ್ನು ಹಿಡಿಯುವುದಕ್ಕೇ ಆ ತಾಸು ಇರುವುದು. ಆದರೆ ಅದು ವರ್ಷಗಟ್ಟಲೆ ಎಂಟೇ ಬಂದಿತ್ತು. ಹಾಗಾಗಿ ನಮ್ಮಲ್ಲಿ ಎಲ್ಲರೂ ಪುಟದ ಮೇಲೆ ಒಂದು ಸಲ ಎಂಟು ಬರೆದು, ಕೆಳಗಿನ ಸಾಲುಗಳಲ್ಲಿ ಮೇಲಿನಂತೆ ಎಂದು ಎರಡೆರಡು ಗೀಟು ಎಳೆಯುತ್ತಿದ್ದೆವು, ಕೆಲವೊಮ್ಮೆ ಅಳೆದು, ಕೆಲವೊಮ್ಮೆ ಅಳೆಯದೆ. ಗಣಪತಿ ವಿಸರ್ಜನೆಯ ಹಿಂದಿನ ದಿನದ ಸಾಲಿನಲ್ಲೂ ಎರಡು ಗೀಟು. ಪಕ್ಕದಲ್ಲಿ ನನ್ನ ರುಜು. ಆ ದಿನ ನಾನು ಅಳೆದಿರಲಿಲ್ಲ. ಅಳೆದಿದ್ದರೆ ಎಂಟರ ಜಾಗದಲ್ಲಿ ಒಂದೋ ಎರಡೋ ಬರುತ್ತಿತ್ತು, ಅಷ್ಟೂ ತಟ್ಟೆಗಳನ್ನು ಬಿಸಾಕಿ ಮನೆಯ ಬಸ್ಸು ಹಿಡಿಯುತ್ತಿದ್ದೆ.

ಅಂಬಾರಾಯ ಮಾಡಿದ್ದು ಕರುಣೆಯಿಂದ ಆದ ತಪ್ಪು. ನಾನು ಮಾಡಿದ್ದು ಸುಳ್ಳು ಬರೆದದ್ದು. ಇದು ನನಗೆ ಆ ಕ್ಷಣವೇ ತಿಳಿಯಿತು, ಆದರೂ ಅಕ್ಕ ತಮ್ಮಂದಿರ ಮುಂದೆ ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಯಾಕೆ ಎಂದರೆ ಹೇಳುವುದಕ್ಕೆ ದೊಡ್ಡ ಕಾರಣವಿಲ್ಲ. ದಣಿದಿದ್ದೆ. ನಿವೃತ್ತಿಗೆ ಮೂರು ವರ್ಷವಿತ್ತು. ಊರಿಗೆಲ್ಲ ಜ್ವರ, ದಿನಕ್ಕೆ ನೂರು ಸೀಸೆ ಬರುತ್ತಿದ್ದವು. ಅವುಗಳ ನಡುವೆ, ನಾಳೆ ಹೇಳೋಣ ಎಂದು ದಿನ ತಳ್ಳುತ್ತ, ವಾರವಾರ ಅವನ ಕೈಯಿಂದಲೇ ರಕ್ತದ ಸೀಸೆ ತೆಗೆದುಕೊಳ್ಳುತ್ತಿದ್ದೆ. ಸೋಮವಾರದ ರೊಟ್ಟಿ ನಿಂತುಹೋಗಿತ್ತು.

ಈ ನಡುವೆ ಏಕನಾಥ ಸಾಹೇಬರಿಗೆ ಹಕ್ಕಿಯ ಸಂಗತಿಯಷ್ಟನ್ನು ಹೇಳಿದೆ. ಅವರು ತಲೆಗೆ ಕೈ ಹಚ್ಚಿಕೊಂಡು ಕೂತರು. ಆಮೇಲೆ ಅವರ ಮುಖ ಸ್ವಲ್ಪ ಹಗುರಾಯಿತು. ಹಕ್ಕಿ ಬದಲಾದದ್ದು ಕೆಳಗಿನ ನೌಕರನಿಂದ, ಅವನಿಗೊಂದು ಮೆಮೊ ಕೊಡೋಣ, ಪತ್ರಿಕೆಗೆ ಹಾಗೆಯೇ ಬರೆಯೋಣ, ನಿಮ್ಮ ಹೆಸರಿಗೂ ನನ್ನ ಹೆಸರಿಗೂ ಏನೂ ಆಗುವುದಿಲ್ಲ ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಟೈಪು ಮಾಡಿದ ಮೆಮೊ ರುಜುವಿಗೆ ನನ್ನ ಮೇಜಿಗೇ ಬಂತು. ಅಂಬಾರಾಯನ ನಿರ್ಲಕ್ಷ್ಯದಿಂದ ಎಂದು ಅದರಲ್ಲಿತ್ತು. ಪೆನ್ನಿನ ಮುಚ್ಚಳ ತೆಗೆದೆ. ಎರಡು ಗೀಟು ಎಳೆದ ಪೆನ್ನು ಅದೇನೂ ಆಗಿರಲಿಲ್ಲ, ಆದರೆ ಕೈ ಅದೇ. ಆ ಮೆಮೊ ಹರಿದು ಕಸದ ಬುಟ್ಟಿಗೆ ಹಾಕಿ, ರಿಜಿಸ್ಟರು ಎತ್ತಿಕೊಂಡು ಸಾಹೇಬರ ಕೋಣೆಗೆ ಹೋಗಿ ಆ ಸಾಲಿನ ಮೇಲೆ ಬೆರಳಿಟ್ಟೆ. ಇದನ್ನು ನನಗೆ ತೋರಿಸದೇ ಇದ್ದರೆ ಚೆನ್ನಾಗಿತ್ತು ಅಂದರು.

ಪತ್ರಿಕೆಗೆ ನಾನೇ ತಿದ್ದುಪಡಿ ಬರೆದೆ. ಐದು ಸಾಲು. ಮರು ಅಳತೆಯನ್ನು ಪ್ರಥಮ ಲೇಖಕಿ ಮಾಡಿರಲಿಲ್ಲ ಎಂಬ ಸಾಲೂ ಅದರಲ್ಲಿತ್ತು. ಅದು ಅಚ್ಚಾಯಿತು, ಯಾರೂ ಓದಲಿಲ್ಲ, ನನಗೆ ಏನೂ ಆಗಲಿಲ್ಲ. ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಳ್ಳುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ಭೋಸರಿಯ ಬಸ್ಸು ಹತ್ತಲು ಮಾತ್ರ ಇನ್ನೂ ಎರಡು ವಾರ ಬೇಕಾಯಿತು.

ಫೆಬ್ರವರಿಯ ಒಂದು ಗುರುವಾರ ಅಂಬಾರಾಯನಿಗೆ, ನನ್ನ ಜೊತೆ ಬಾ ಅಂದೆ. ಅಕ್ಕ ಒಳಗೆ ಬಿಡೂದಿಲ್ರಿ ಅಂದ. ಹೊರಗೇ ನಿಂತಿರು ಅಂದೆ. ಅವನು ಒಂದು ಚೀಲ ಜೋಳದ ಹಿಟ್ಟು ಬೀಸಿಸಿಕೊಂಡು ತಂದಿದ್ದ. ತಿಂಗಳಿಗೊಮ್ಮೆ ಹೀಗೆ ತಂದು ಅಕ್ಕನ ಬಾಗಿಲ ಹೊರಗೆ ಇಟ್ಟು ಬರುತ್ತಿದ್ದನಂತೆ. ಅದನ್ನು ಅವಳು ತೆಗೆದುಕೊಳ್ಳುತ್ತಿರಲಿಲ್ಲ, ಭಾಗ್ಯಾ ಒಯ್ಯುತ್ತಿದ್ದಳು.

ಶೆಡ್ಡಿನೊಳಗೆ ಒಲೆ ಮುಂದೆ ಭಾಗ್ಯಾ ರೊಟ್ಟಿ ಬಡಿಯುತ್ತಿದ್ದಳು. ಚಂದಮ್ಮ ಗೋಡೆಗೆ ಒರಗಿ ಕೂತು, ನೀರು ಹೆಚ್ಚಾಯಿತು, ತುದಿ ಸೀಳಿತು ಎಂದು ಹೇಳಿಕೊಡುತ್ತಿದ್ದಳು. ಅವಳ ಎರಡು ಕೈಗಳೂ ಮಡಿಲಲ್ಲಿದ್ದವು. ಮಣಿಕಟ್ಟುಗಳು ಇನ್ನೂ ಬಾತಿದ್ದವು. ಉಣ್ಣಲು ಬರುತ್ತಿದ್ದ ನಲವತ್ತು ಜನರಲ್ಲಿ ಈಗ ಹದಿನೈದು ಜನ ಉಳಿದಿದ್ದಾರೆ ಎಂದು ಭಾಗ್ಯಾ ಹೇಳಿದಳು. ಚಂದಮ್ಮ ನನಗೆ ಕೂಡಲು ಮಣೆ ತೋರಿಸಿದಳು. ಹೊಸ್ತಿಲಾಚೆ ನಿಂತ ತಮ್ಮನ ಕಡೆ ನೋಡಲಿಲ್ಲ.

ನಾನು ಬರುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹಕ್ಕಿ ಬದಲಾದರೆ ಗೊತ್ತಾಗಲಿ ಎಂದೇ ಒಂದು ಪರೀಕ್ಷೆಯಿದೆ, ಅದನ್ನು ಮಾಡಬೇಕಾದವಳು ನಾನು, ಅಂಬಾರಾಯ ಯಾವ ರಕ್ತ ತಂದಿದ್ದರೂ ನಾನು ಅದನ್ನು ಹಿಡಿಯಬೇಕಿತ್ತು ಎಂದು ಹೇಗೋ ಹೇಳಿ ಮುಗಿಸಿದೆ. ಭಾಗ್ಯಾಳ ಕೈ ನಿಂತಿತು. ಚಂದಮ್ಮ ಕೇಳಿದಳು:

"ಎಷ್ಟ್ ಹೊತ್ತಿನ ಕೆಲಸರಿ ಅದು?"

"ಒಂದ್ ತಾಸು."

"ಮಾಡ್ಲಿಲ್ಲ."

"ಮಾಡ್ಲಿಲ್ಲ."

"ಮಾಡೀನಂತ ಬರದ್ರಿ."

"ಹೂಂ. ಬರದೆ."

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ಹಿಂದೆ ಬನ್ನಿ ಕೊಡಲು ಬಂದಾಗ ತೋಳು ನೋಡಿಕೊಂಡಿದ್ದ ಹಾಗೆಯೇ. ನಾನು ಇನ್ನೇನೋ ಹೇಳಲು ಹೋದೆ, ಕ್ಷಮಿಸು ಎಂದಿರಬೇಕು, ಅದು ಅವಳಿಗೆ ಕೇಳಿಸಿದಂತಿರಲಿಲ್ಲ.

"ಐದ್ ತಿಂಗಳಾತು ನಾ ತಮ್ಮನ ಕೂಡ ಮಾತಾಡಿಲ್ಲ," ಎಂದಳು. "ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಅವಳು ಬೈಯಲಿ ಎಂದು ನಾನು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀಯುತ್ತಿದೆ ಎಂದು ಭಾಗ್ಯಾಳಿಗೆ ಹೇಳಿದಳು. ಭಾಗ್ಯಾ ಅದನ್ನು ಮಗುಚಿ ಹಾಕಿದಳು. ಆಮೇಲೆ ಚಂದಮ್ಮ ನನ್ನನ್ನು ದಾಟಿ ಬಾಗಿಲ ಕಡೆ ನೋಡಿದಳು.

"ಅಂಬಣ್ಣಾ, ಇವರಿಗಿ ಬಸ್ಸಿಗಿ ಹತ್ತಿಸಿ ಬಾ. ಬಂದು ಉಣ್ಲಾಕ ಕೂಡು."

ಅಂಬಾರಾಯ ಹಿಟ್ಟಿನ ಚೀಲವನ್ನು ಹೊಸ್ತಿಲೊಳಗೆ ಇಟ್ಟ. ನಾನು ಎದ್ದೆ. ನನಗೆ ಯಾರೂ ರೊಟ್ಟಿ ತಿಂದು ಹೋಗಿ ಎನ್ನಲಿಲ್ಲ. ನಮ್ಮ ಕಡೆಯವರು ಮನೆಗೆ ಬಂದ ಯಾರನ್ನೂ ಹಾಗೆ ಕಳಿಸುವುದಿಲ್ಲ. ಕಳಿಸಿದರೆ ಅದರ ಅರ್ಥ ಏನು ಎಂದು ನನಗೂ ಗೊತ್ತು.

ಬಸ್‌ಸ್ಟಾಪಿನವರೆಗೆ ಅವನು ನನ್ನ ಒಂದು ಹೆಜ್ಜೆ ಹಿಂದೆ ಬಂದ. ಬಸ್ಸು ಕಂಡ ಮೇಲೆ, ಹಂಗಾರ ನನ್ನ ತಪ್ಪು ಇರ್ಲಿಲ್ಲೇನ್ರಿ ಎಂದು ಕೇಳಿದ. ಇರಲಿಲ್ಲ ಅಂದೆ. ಈ ಮಾತನ್ನು ಸಪ್ಟೆಂಬರಿನಲ್ಲೇ ಹೇಳಬಹುದಿತ್ತು. ಅವನು ತಲೆಯಾಡಿಸಿದ, ನನ್ನ ಮುಖ ನೋಡಲಿಲ್ಲ, ಬಸ್ಸು ಹೊರಡುವವರೆಗೂ ನಿಲ್ಲಲಿಲ್ಲ. ಕಿಟಕಿಯಿಂದ ನೋಡಿದೆ. ಗಿಡ್ಡ ಕಾಲನ್ನು ಎಳೆಯುತ್ತ, ತಗಡಿನ ಶೆಡ್ಡುಗಳ ಕಡೆ, ಊಟ ಆರಿಹೋಗುತ್ತದೆ ಎನ್ನುವವನ ಹಾಗೆ ಓಡುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.